ಕೂಸಿನ ತಲೆಯಡಿಯ ಗಾಡಿ ಚಾವಿ

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ. ಈ ಸುದ್ದಿಯನ್ನು ನಾನು ಓಣಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಹಾಲು ಹಾಕುವವನು ಈಗ ನಾನು ಬಾಯಿ ತೆರೆಯುವ ಮೊದಲೇ "ಮಾಹಿತ ಆಹೇ ಆಜೀ, ಮಾಹಿತ ಆಹೇ" ಎಂದು ನಗುತ್ತ ಹೋಗಿಬಿಡುತ್ತಾನೆ. ಗೊತ್ತಿದ್ದರೆ ಗೊತ್ತಿರಲಿ, ನಾನು ಮತ್ತೊಮ್ಮೆ ಹೇಳುತ್ತೇನೆ. ಮದುವೆಯಾಗಿ ಎಷ್ಟೋ ವರ್ಷ ನನ್ನ ಸೊಸೆಯ ಮಡಿಲು ಖಾಲಿ ಇತ್ತು. ಬಂಧುಗಳ ಮನೆಯಲ್ಲಿ ಬಸುರಿಗೆ ಉಡಿ ತುಂಬುವಾಗ ಅವಳು ಏನೋ ನೆಪ ಮಾಡಿ ಒಳಗಿನ ಕೋಣೆಗೆ ಹೋಗಿ ನಿಲ್ಲುವುದನ್ನು ನಾನು ಕಂಡಿದ್ದೆ. ಅಂಥ ಮನೆಗೆ ಕೂಸು ಬಂದಿದೆ. ಬರೆಯಲು ಕುಳಿತರೆ ಕೈಗಿಂತ ಮನಸ್ಸು ಮುಂದೆ ಓಡುತ್ತದೆ. ನಾನು ಬೀದರ ಕಡೆಯ ಹಳ್ಳಿಯ ಸಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಕಲಿತವಳು. ನನ್ನ ಅಕ್ಷರ ಸಾಲು ಬಿಟ್ಟು ಸಾಲಿಗೆ ಹೋಗುತ್ತದೆ, ಹೋಗಲಿ. ಆದರೆ ಕೂಸು ಮನೆಗೆ ಬಂದದ್ದು ಸುಮ್ಮನೆ ಅಲ್ಲ. ನಮ್ಮ ಹಳೆಯ ಗಾಡಿಯ ತಲೆ ಕೆಟ್ಟಿತ್ತು. ಅದಕ್ಕೆ ಹೊಸ ತಲೆ ಕೂಡಿಸಿದ ಮೇಲೆಯೇ ಕೂಸು ಬಂತು. ಆ ಕತೆಯನ್ನು ಬರೆದಿಡದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನಾವು ನಾಸಿಕದ ಸಾತಪುರದಲ್ಲಿದ್ದೇವೆ. ನಮ್ಮ ಮನೆಯವರು ಅಲ್ಲಿಯ ಕಾರ್ಖಾನೆಯೊಂದರಲ್ಲಿ ಲೇಥ್ ಮಶೀನಿನ ಮುಂದೆ ಆಯುಷ್ಯ ಕಳೆದು ಈಗ ಮನೆಯಲ್ಲಿದ್ದಾರೆ. ಇರುವುದು ಒಬ್ಬನೇ ಮಗ. ಕಾರ್ಖಾನೆಗಳಿಗೆ ಹೋಗಿ ಗಾಳಿ ತುಂಬುವ ಕಂಪ್ರೆಸರುಗಳನ್ನು ರಿಪೇರಿ ಮಾಡಿಕೊಡುತ್ತಾನೆ. ಅವನ ಪಾನಾ, ಪೈಪು, ಎಣ್ಣೆ ಡಬ್ಬಿಗಳೆಲ್ಲ ಇರುವುದು ಆ ಗಾಡಿಯಲ್ಲೇ. ಬೇರೆಯವರ ಕೈಯಲ್ಲಿ ಓಡಿ ನಮ್ಮ ಮನೆಗೆ ಬಂದ ದೊಡ್ಡ ಗಾಡಿ ಅದು. ನಾಲ್ಕು ಜನ ಸುಖವಾಗಿ, ಏಳು ಜನ ಬೈದಾಡಿಕೊಂಡು ಕೂರಬಹುದು. ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ಚಾಚಿ ಮಲಗಬಹುದು.

ಸೊಸೆಯ ತವರು ಸಂಭಾಜಿನಗರ. ಅವರೂ ನಮ್ಮ ಕಡೆಯವರೇ, ಕಲಬುರಗಿ ಜಿಲ್ಲೆಯಿಂದ ಬಂದು ಅಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂದು ಅವಳನ್ನು ಕಳಿಸಿದ್ದೆವು. ಕೂಸಿಗೆ ಅವಸರ, ದಿನ ತುಂಬುವ ಮೊದಲೇ ಹೊರಗೆ ಬಂತು. ಆಪರೇಶನ್ ಆಯಿತು. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನಾನು ಬಸ್ಸು ಹಿಡಿದು ಓಡಿ ಹೋದರೆ ಕಂಡದ್ದು ಗಾಜಿನಾಚೆ ಒಂದು ಕೆಂಪು ಪಾದ ಮಾತ್ರ, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಮುಟ್ಟಲು ಬಿಡಲಿಲ್ಲ. ಮುಟ್ಟದೆ ವಾಪಸು ಬಂದೆ. ಆ ಪಾದವನ್ನು ನೆನೆಸಿಕೊಂಡೇ ಇಲ್ಲಿ ರೊಟ್ಟಿ ಬಡಿದೆ, ನೀರು ತುಂಬಿದೆ, ದೇವರಿಗೆ ದೀಪ ಹಚ್ಚಿದೆ.

ಶಿವ ಕಣ್ಣು ಬಿಟ್ಟ. ಕೂಸು ಹಾಲು ಕುಡಿಯಲು ಕಲಿತು ಪೆಟ್ಟಿಗೆಯಿಂದ ತಾಯಿಯ ಪಕ್ಕಕ್ಕೆ ಬಂತು, ಆಮೇಲೆ ಬೀಗರ ಮನೆಯ ತೊಟ್ಟಿಲಿಗೆ ಬಂತು. ಮನೆಗೆ ಕರೆದುಕೊಂಡು ಹೋಗಬಹುದೆಂದು ಡಾಕ್ಟರು ಹೇಳಿದರು. ಗದ್ದಲದಲ್ಲಿ ಒಯ್ಯಬೇಡಿ, ನಿಧಾನ ಹೋಗಿ, ನಡುನಡುವೆ ನಿಲ್ಲಿಸಿ ಹಾಲು ಕುಡಿಸಿ ಎಂದರು. ಅಂದ ಮೇಲೆ ಬಸ್ಸು ಬೇಡ, ನಮ್ಮ ಗಾಡಿಯಲ್ಲೇ ತರುವುದೆಂದು ನಿಶ್ಚಯವಾಯಿತು.

ಆದರೆ ಆ ಗಾಡಿಗೆ ಆಗಲೇ ಒಂದು ರೋಗ ಹಿಡಿದಿತ್ತು. ಬೆಳಗಿನ ತಂಪಿನಲ್ಲಿ ಚಾವಿ ತಿರುಗಿಸಿದರೆ ಕರೆದ ತಕ್ಷಣ ಓ ಎನ್ನುತ್ತಿತ್ತು. ಬಿಸಿಲಲ್ಲಿ ಒಂದಿಷ್ಟು ದೂರ ಓಡಿದ ಮೇಲೆ ಒಮ್ಮೆಲೇ ಉಸಿರು ಬಿಡುತ್ತಿತ್ತು. ಎದುರಿನ ದೀಪಗಳೆಲ್ಲ ಹತ್ತಿಕೊಂಡು ಎಂಜಿನ್ ಬಂದ್. ನೆರಳಲ್ಲಿ ನಿಲ್ಲಿಸಿ ಚಹಾ ಕುಡಿದು ಬಂದರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಚಾಲೂ. ಒಬ್ಬ ಮಿಸ್ತ್ರಿ ಡಿಸೇಲ್ ಫಿಲ್ಟರ್ ಬದಲಿಸಿದ, ಇನ್ನೊಬ್ಬ ವಾಯರು ಬದಲಿಸಿದ. ಈಗ ಸರಿಯಾಯಿತೆಂದು ನಂಬಿ ನಾವು ಮೂವರೂ ಕೂಸನ್ನು ತರಲು ಹೊರಟೆವು.

ಯೇವಲಾ ದಾಟಿದ ಮೇಲೆ ಗಾಡಿ ನಿಂತಿತು. ಗಿಡ ಇಲ್ಲ, ನೆರಳಿಲ್ಲ. ಉಳ್ಳಾಗಡ್ಡಿ ಲಾರಿಗಳು ಮೈಮೇಲೆ ಬಂದಂತೆ ಹಾಯುತ್ತಿದ್ದವು. ಮನೆಯವರು ಬಾನೆಟ್ ಎತ್ತಿ ಹೆಗಲ ಮೇಲಿನ ಟವೆಲಿನಿಂದ ಎಂಜಿನ್ನಿಗೆ ಗಾಳಿ ಹಾಕಿದರು. ನನ್ನ ತೊಡೆಯ ಮೇಲೆ ಕೂಸಿನ ಕುಲಾವಿ ಇತ್ತು. ಕೂಸಿನೊಡನೆ ವಾಪಸು ಬರುವಾಗ ಇಲ್ಲೇ ಹೀಗೆ ನಿಂತರೆ? ಮೂವರ ತಲೆಯಲ್ಲೂ ಅದೇ ಇತ್ತು. ಗಾಡಿ ತಣ್ಣಗಾಗಿ ಚಾಲೂ ಆದ ಮೇಲೆ ಮಗ ನಾಸಿಕದ ಕಡೆಗೆ ತಿರುಗಿಸಿದ. ನಾನು ಸೊಸೆಗೆ ಫೋನು ಮಾಡಿದೆ.

"ಕೂಸಿಗಿ ಹೊಸಾ ಅಂಗಿ ಹಾಕಿ ಕುಂತಿದ್ನೆರಿ, ಅತ್ತಿ," ಎಂದಳು.

"ಬ್ಯಾರೆ ಗಾಡಿ ಬಾಡಿಗಿ ಮಾಡ್ಕೊಂಡು ನಾಳಿಗೇ ಬರ್ತೀವಿ, ತಂಗಿ."

"ಬ್ಯಾಡ್ರಿ ಅತ್ತಿ. ನಂಗ ಭಾಳ ಹೊತ್ತು ಕುಂದ್ರಲಾಕ ಆಗಲ್ದು, ಹೊಲಿಗಿ ಜಗ್ತಾವ. ಕೂಸು ಗುಟುಕು ಗುಟುಕು ಕುಡಿತದ, ಗಳಿಗಿಗೊಮ್ಮಿ ಗಾಡಿ ನಿಲ್ಲಸಬೇಕು. ಗುರ್ತಿಲ್ಲದ ಡ್ರೈವರನ ಮುಂದ ನಾ ಹ್ಯಾಂಗ ಎದಿಗಿ ಹಚ್ಚಕೊಳ್ಳಲಿ? ನಮ್ಮ ಗಾಡಿನೇ ನೆಟ್ಟಗ ಮಾಡ್ಸರಿ. ನಾ ಕಾಯ್ತೀನಿ."

ಕಾಯುತ್ತೇನೆ ಎಂದಳು! ಕಾಯುವುದರಲ್ಲೇ ಆ ಹೆಣ್ಣುಮಗಳ ಹರೆಯ ಹೋಗಿತ್ತು.

ಮರುದಿನ ಮಗ ಸಾತಪುರದಲ್ಲೇ ಗಾಡಿಗಳ ವಾಯರಿಂಗ್ ಕೆಲಸ ಮಾಡುವ ಒಬ್ಬನ ಹತ್ತಿರ ಒಯ್ದ. ಸೊಲ್ಲಾಪುರದವನು. ಮರಾಠಿ, ಹಿಂದಿ, ಕನ್ನಡ ಮೂರನ್ನೂ ಒಂದೇ ಗಡಿಗೆಯಲ್ಲಿ ಕುದಿಸಿ ಮಾತಾಡುತ್ತಾನೆ, ಬಾಯಿಗೆ ಬಿಡುವೇ ಇಲ್ಲ. ಮನೆಯಲ್ಲಿ ಕೂತರೆ ನನಗೆ ಜೀವ ತಡೆಯುವುದಿಲ್ಲವೆಂದು ನಾನೂ ಹೋಗಿ ಅವನ ಅಂಗಡಿಯ ಹಳೆಯ ಸೀಟಿನ ಮೇಲೆ ಕೂತೆ. ಅವನು ಲ್ಯಾಪ್‌ಟಾಪಿನಿಂದ ಒಂದು ವಾಯರನ್ನು ಗಾಡಿಗೆ ಚುಚ್ಚಿ ನೋಡಿದ, ತಲೆ ಕೆರೆದುಕೊಂಡ. ಮನೆಗೆ ಹೋಗಿ ಹೆಂಡತಿಯ ಕೂದಲು ಒಣಗಿಸುವ ಹೇರ್ ಡ್ರೈಯರ್ ತಂದ.

"ಏನಪಾ, ಗಾಡಿಗಿ ತಲಿ ಸ್ನಾನ ಮಾಡಸ್ತಿ ಏನು?" ಎಂದರು ನಮ್ಮವರು.

"ಕಾಕಾ, ನೋಡ್ತ ಇರ್ರಿ. ಕಳ್ಳ ಬಿಸಿಲಿಗೇ ಹೊರಗ ಬರ್ತಾನಂದ್ರ, ನಾ ಇಲ್ಲೇ ಬಿಸಿಲು ಮಾಡ್ತೀನಿ."

ಗಾಡಿ ಚಾಲೂ ಮಾಡಿಸಿ, ಒಂದು ಬೆಳ್ಳಿ ಬಣ್ಣದ ಪೆಟ್ಟಿಗೆಗೆ ಬಿಸಿಗಾಳಿ ಹಿಡಿದ. ನಮ್ಮ ಅಂಗೈ ಎರಡು ಜೋಡಿಸಿದಷ್ಟು ದೊಡ್ಡದು, ಮೈತುಂಬ ವಾಯರು. ನಾವು ನೋಡನೋಡುತ್ತಿದ್ದಂತೆ ಎಂಜಿನ್ ಒಮ್ಮೆ ನಡುಗಿ ಸತ್ತುಹೋಯಿತು. ಒದ್ದೆ ಬಟ್ಟೆಯಿಂದ ತಣ್ಣಗೆ ಮಾಡಿದ, ಚಾಲೂ ಆಯಿತು. ಮತ್ತೆ ಬಿಸಿ ಮಾಡಿದ, ಮತ್ತೆ ಬಂದ್.

"ಸಿಕ್ಕ!" ಎಂದು ಕೂಗಿದ. "ಮಾವಶಿ, ಇದು ಎಂಜಿನ್ನಿನ ಕಂಪ್ಯೂಟರು, ಅಂದ್ರ ತಲಿ. ಎಷ್ಟು ಡಿಸೇಲ್ ಕೊಡಬೇಕು, ಯಾವಾಗ ಕೊಡಬೇಕು, ಎಲ್ಲಾ ಇದೇ ಹೇಳೂದು. ವಯಸ್ಸಾಗ್ಯದ. ತಣ್ಣಗ ಇದ್ದಾಗ ಶಾಣ್ಯಾ, ಬಿಸಿ ಆತಂದ್ರ ಹುಚ್ಚ."

"ನಮ್ಮ ಮನ್ಯಾಗೂ ಒಂದು ಹಂತಾದು ಅದ," ಎಂದು ನಮ್ಮವರು ನನ್ನ ಕಡೆಗೆ ನೋಡಿದರು.

"ಇವತ್ತು ರೊಟ್ಟಿ ನೀವೇ ಬಡ್ಕೋರಿ, ತಣ್ಣಗಿನ ತಲಿಯವರು," ಎಂದೆ ನಾನು. ಹಾಗೆ ಎಲ್ಲರೂ ನಕ್ಕೆವು. ರೋಗ ಯಾವುದೆಂದು ಗೊತ್ತಾದರೆ ಅರ್ಧ ಸಮಾಧಾನ.

ಆ ಪೆಟ್ಟಿಗೆಯ ಒಳಗಿನ ಬೆಸುಗೆ ಬಿಟ್ಟಿರಬೇಕು, ಕಾಯಿಸಿ ಜೋಡಿಸಬಹುದು ಎಂದ ಅವನು. ಆಮೇಲೆ ತಾನೇ ತಲೆ ಅಲ್ಲಾಡಿಸಿದ. "ಸಣ್ಣ ಕೂಸು ಕುಂದ್ರೋ ಗಾಡಿ ಅಂತೀರಿ. ತ್ಯಾಪೆ ಹಚ್ಚಿ ಕೊಟ್ಟು ನಾ ನಿದ್ದಿ ಕೆಡಸ್ಕೊಳ್ಳಂಗಿಲ್ಲ. ಹೊಸಾದೇ ಹಾಕ್ತೀನಿ." ಮುಂಬೈಯಿಂದ ತರಿಸಿದ. ಆ ಮಾತಿಗೆ ನಾನು ಅವನಿಗೆ ಇಂದಿಗೂ ಋಣಿ. ಬೇರೆಯವರ ಕೂಸನ್ನು ತನ್ನ ನಿದ್ದೆಗೆ ಕಟ್ಟಿಕೊಂಡ ಮನುಷ್ಯ ಅವನು.

ಹೊಸ ಕಂಪ್ಯೂಟರ್ ಬಂತು. ಮಗನೂ ಅವನೂ ಸೇರಿ ಬ್ಯಾಟರಿಯ ತಂತಿ ಬಿಚ್ಚಿ, ಹಳೆಯದನ್ನು ಇಳಿಸಿ ಹೊಸದನ್ನು ಕೂಡಿಸಿದರು. ನಾನು ದೂರದಿಂದಲೇ ವಿಭೂತಿ ತೋರಿಸಿದೆ. ಚಾವಿ ತಿರುಗಿಸಿದರೆ ಮಿಸುಕಲೂ ಇಲ್ಲ. ಎದುರಿಗೆ ಒಂದು ಕೆಂಪು ದೀಪ ಮಿಣುಕಿ ಮಿಣುಕಿ ಅಣಕಿಸಿತು.

"ಹಿಂಗೇ ಆಗೂದು," ಎಂದ ಸೊಲ್ಲಾಪುರದವ. "ಕಳ್ಳರು ಒಯ್ಯಬಾರದಂತ ಚಾವಿ ಗುರ್ತು ಹಿಡಿದ ಮ್ಯಾಲೇ ಇದು ಎಂಜಿನ್ ಬಿಡ್ತದ. ಇದು ಈಗ ಹೊಸಾ ವಾಚಮನ್ ಇದ್ದಂಗ, ಮಾಲಕ ಯಾರಂತ ಇದಕ್ಕ ಗೊತ್ತಿಲ್ಲ. ನಾವು ಗುರ್ತು ಮಾಡಸಬೇಕು. ಈ ನಮೂನಿ ಗಾಡಿಗಿ ಎರಡು ಚಾವಿ ತೋರಿಸಬೇಕು, ಒಂದಕ್ಕ ನಂಬಂಗಿಲ್ಲ. ಎರಡನೇ ಚಾವಿ ತರ್ರಿ."

ಮನೆಗೆ ಬಂದು ಹುಡುಕಿದ್ದೇ ಹುಡುಕಿದ್ದು. ಕಪಾಟು, ಹಿಟ್ಟಿನ ಡಬ್ಬಿಯ ಹಿಂದೆ, ದೇವರ ಜಗುಲಿ. ಮನೆಯವರು ನನ್ನನ್ನೂ, ನಾನು ಅವರನ್ನೂ ಬೈದದ್ದಾಯಿತು. ಆಗ ಮಗ ಹಣೆಗೆ ಕೈ ಹಚ್ಚಿ ಮಂಚದ ಮೇಲೆ ಕೂತುಬಿಟ್ಟ.

"ಯವ್ವಾ, ಅದು ಕೂಸಿನ ತಲಿ ಬುಡಕ ಅದ."

ನಮ್ಮ ಕಡೆ ಹಸುಗೂಸಿನ ಹತ್ತಿರ ಕಬ್ಬಿಣ ಇಡುತ್ತಾರೆ. ಕುಡುಗೋಲು, ಅಡಕೊತ್ತು, ಮೊಳೆ, ಏನಾದರೂ ಸರಿ. ಕೂಸು ಬೆಚ್ಚಬಾರದು, ಕಣ್ಣೆಸರು ತಾಗಬಾರದು ಎಂದು. ಹೆರಿಗೆಯಾದ ದಿನ ದವಾಖಾನೆಯಲ್ಲಿ ಸೊಸೆಯ ತಾಯಿ, ನಮ್ಮ ಬೀಗತಿ, ಕಬ್ಬಿಣಕ್ಕಾಗಿ ಪರದಾಡಿದಳಂತೆ. ಅಲ್ಲಿ ಕುಡುಗೋಲು ಎಲ್ಲಿಯದು? ಅಲ್ಲೇ ಇದ್ದ ಮಗ ತನ್ನ ಚೀಲದಲ್ಲಿದ್ದ ಗಾಡಿಯ ಎರಡನೆಯ ಚಾವಿಯನ್ನು ತೆಗೆದು ಅತ್ತೆಯ ಕೈಗೆ ಕೊಟ್ಟ. ಅಂದಿನಿಂದ ಅದು ಕೂಸಿನ ಜೊತೆಗೇ ಇದೆ.

ಫೋನು ಮಾಡಿ ಕೇಳಿದರೆ ಬೀಗತಿ ಒಂದೇ ಮಾತಿನಲ್ಲಿ ಮುಗಿಸಿದಳು. "ಅಪ್ಪನ ಮನಿ ಹೊಸ್ತಿಲು ದಾಟೂತನಾ ಇಟ್ಟ ಕಬ್ಬಿಣ ತೆಗಿಬಾರದು. ನಾ ಕೊಡಂಗಿಲ್ಲ."

ನೋಡಿ, ನಮ್ಮ ಸಂಕಟ. ಚಾವಿ ಬಾರದೆ ಗಾಡಿ ಏಳುವುದಿಲ್ಲ. ಗಾಡಿ ಏಳದೆ ಕೂಸು ಬರುವುದಿಲ್ಲ. ಕೂಸು ಬಾರದೆ ಚಾವಿ ಬರುವುದಿಲ್ಲ. ಬೇರೆ ಚಾವಿ ಮಾಡಿಸೋಣವೆಂದರೆ, ಅಷ್ಟು ಹಳೆಯ ಗಾಡಿಯದು ಕಂಪನಿಯಿಂದ ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ ಎಂದ ಸೊಲ್ಲಾಪುರದವ. ಮಗ ಸಿಟ್ಟಿಗೆದ್ದು, "ನಾ ಹೋಗಿ ತಗೊಂಡೇ ಬರ್ತೀನಿ" ಎಂದ. ಅಳಿಯ ಹೋಗಿ ಅತ್ತೆಯೊಡನೆ ಜಗಳವಾಡಿ ಬಂದರೆ ಬಾಣಂತಿಯ ಎದೆಹಾಲು ಬತ್ತಿ ಹೋಗುತ್ತದೆ. "ನೀ ಬ್ಯಾಡ, ನಾ ಹೋಗ್ತೀನಿ" ಎಂದೆ. ಬಾಣಂತಿಗೆಂದು ಒಂದು ಡಬ್ಬಿ ಅಂಟಿನುಂಡಿ ಕಟ್ಟಿಕೊಂಡೆ. ಮಗ ಹುಟ್ಟಿದಾಗ ಅವನ ತಲೆಯಡಿ ಇಟ್ಟಿದ್ದ ಅಡಕೊತ್ತು ಮನೆಯಲ್ಲಿತ್ತು, ಅದನ್ನು ಬೂದಿ ಹಾಕಿ ತಿಕ್ಕಿ ಸೆರಗಿನಲ್ಲಿ ಸುತ್ತಿಕೊಂಡೆ. ಚಾವಿ ತೆಗೆದ ಕಡೆ ಇದನ್ನಿಟ್ಟರಾಯಿತು ಎಂದು ನನ್ನ ಲೆಕ್ಕ.

ಬಸ್ಸಿಳಿದು ಬೀಗರ ಮನೆಗೆ ಹೋಗಿ ಕೈಕಾಲು ತೊಳೆದ ತಕ್ಷಣ ಸೊಸೆ ಕೂಸನ್ನು ನನ್ನ ಕೈಗೆ ಕೊಟ್ಟಳು. ಶಿವನೇ! ಇಷ್ಟು ದಿನ ಗಾಜಿನಲ್ಲಿ ನೋಡಿದ್ದು ನನ್ನ ಅಂಗೈಗೆ ಬಂತು. ಬೆಚ್ಚಗೆ, ಹಗುರವಾಗಿ, ಹಾಲಿನ ವಾಸನೆ. ನನ್ನ ಬಳೆಯ ಸಪ್ಪಳಕ್ಕೆ ಹುಬ್ಬು ಗಂಟಿಕ್ಕಿತು, ಥೇಟು ನಮ್ಮ ಮನೆಯವರು. ನಾನು ಬಂದ ಕೆಲಸವನ್ನೇ ಮರೆತೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಬೀಗತಿ ಮರೆತಿರಲಿಲ್ಲ. ಚಹಾ ತಂದಿಟ್ಟು ತೊಟ್ಟಿಲಿಗೆ ಅಡ್ಡ ಕೂತಳು. "ಬೀಗತ್ಯಾರ, ನೀವು ಕೂಸಿನ ಸಲ್ಯಾಕ ಬಂದೀರೋ, ಚಾವಿ ಸಲ್ಯಾಕ ಬಂದೀರೋ?"

"ಎರಡಕ್ಕೂ ಬಂದೀನ್ರಿ. ನೋಡ್ರಿ, ನಿಮ್ಮ ಅಳಿಯನ ತಲಿ ಕಾಯ್ದ ಅಡಕೊತ್ತು ತಂದೀನಿ."

"ನಮ್ಮ ಅಳಿಯನ ತಲಿ ಭಾಳ ನೆಟ್ಟಗ ಕಾಯ್ದದ, ಕಾಣಸ್ತದಲ್ಲ! ಮನ್ಯಾಗ ಇರೋ ಗಾಡಿನೇ ಕೆಡಸ್ಕೊಂಡು ಕುಂತಾರ."

ಸೊಸೆ ನಗು ತಡೆಯಲು ಹೊಟ್ಟೆಯ ಹೊಲಿಗೆ ಹಿಡಿದುಕೊಂಡಳು. ಬೀಗರೆಂದ ಮೇಲೆ ಇದೆಲ್ಲ ಇರುವುದೇ, ನಾನೂ ಒಂದೆರಡು ಮಾತು ಆಡಿದೆ. ಆದರೆ ಚಾವಿಯ ಮಾತು ಮತ್ತೆ ಬಂದಾಗ ಬೀಗತಿಯ ದನಿ ಬದಲಾಯಿತು. ಗಾಜಿನ ಪೆಟ್ಟಿಗೆಯ ಒಳಗೆ ಏನೂ ಇಡಬಾರದೆಂದು ದವಾಖಾನೆಯವರು ಹೇಳಿದಾಗ ಇವಳು ಬಾಗಿಲಲ್ಲೇ ನಿಂತಿದ್ದಳಂತೆ. ಒಬ್ಬ ನರ್ಸಬಾಯಿ ಇವಳ ಮುಖ ನೋಡಿ ಏನನ್ನೂ ಕೇಳದೆ ಚಾವಿಯನ್ನು ತೆಗೆದುಕೊಂಡು ಪೆಟ್ಟಿಗೆಯ ಕಾಲಿಗೆ ದಾರದಿಂದ ಕಟ್ಟಿದಳಂತೆ. "ಅವತ್ತ ಸಂಜಿಗಿ ಕೂಸು ಮೊದಲನೇ ಸಲ ಹಾಲು ನುಂಗ್ತು. ಔಷಧದಿಂದ ನುಂಗ್ತು ಅಂತ ನಂಗೂ ಗೊತ್ತದರಿ, ನಾ ಏನು ಹುಚ್ಚಿ ಅಲ್ಲ. ಆದ್ರ ಆ ಕಬ್ಬಿಣ ತೆಗಿಲಾಕ ನನ್ನ ಕೈ ಬರಲ್ದು. ಬ್ಯಾರೆ ಇಟ್ರೂ ಅದು ಬ್ಯಾರೆನೇ."

ಅವಳ ಜಾಗದಲ್ಲಿ ನಾನಿದ್ದರೂ ತೆಗೆಯುತ್ತಿರಲಿಲ್ಲ. ನಾನು ದೂರದಲ್ಲಿ ಕೂತು ದೀಪ ಹಚ್ಚುತ್ತಿದ್ದಾಗ ಆ ಬಾಗಿಲಲ್ಲಿ ನಿಂತವಳು ಅವಳು. ನನ್ನ ಮೊಮ್ಮಗಳನ್ನು ಕಾದವಳು. ಅಡಕೊತ್ತನ್ನು ಚೀಲಕ್ಕೆ ಹಾಕಿದೆ. ತೊಟ್ಟಿಲ ಬಟ್ಟೆಯ ಅಂಚಿನಿಂದ ಚಾವಿಯ ತಲೆ ಸ್ವಲ್ಪ ಕಾಣುತ್ತಿತ್ತು. ಕಬ್ಬಿಣದ ನಾಲಿಗೆಗೆ ಕರಿಯ ಪ್ಲಾಸ್ಟಿಕಿನ ಹಿಡಿ. ನೋಡುತ್ತ ನೋಡುತ್ತ ನನಗೊಂದು ಮಾತು ಹೊಳೆಯಿತು. ಸೊಸೆಯ ಕೈಯಿಂದ ಸೊಲ್ಲಾಪುರದವನಿಗೆ ಫೋನು ಹಚ್ಚಿಸಿದೆ.

"ತಮ್ಮಾ, ನಿನ್ನ ಕಂಪ್ಯೂಟರಿಗಿ ಬೇಕಾಗಿದ್ದು ಚಾವಿದು ಕಬ್ಬಿಣೋ, ಮ್ಯಾಲಿನ ಪ್ಲಾಸ್ಟಿಕೋ?"

"ಮಾವಶಿ, ಎರಡೂ ಅಲ್ಲ. ಪ್ಲಾಸ್ಟಿಕಿನ ಒಳಗ ಒಂದು ಸಣ್ಣ ಚಿಪ್ ಇರ್ತದ, ಅದೇ ಚಾವಿ ಗುರ್ತು. ಕಬ್ಬಿಣ ಬರೇ ತಿರಗಸ್ಲಾಕ. ಯಾಕ?"

"ಕಬ್ಬಿಣ ಇಲ್ಲೇ ಇರಲಿ, ಗುರ್ತು ಅಷ್ಟೇ ತಂದ್ರ ನಡಿತದೇನು?"

"ಅರೇ ಬಾಪರೇ! ನಡಿತದ ಮಾವಶಿ, ಪಕ್ಕಾ ನಡಿತದ!"

ಅವನು ಫೋನಿನಲ್ಲಿ ಮುಖ ತೋರಿಸಿ ಹೇಗೆ ಬಿಚ್ಚಬೇಕೆಂದು ಹೇಳಿದ. ಬೀಗತಿ ಒಪ್ಪಿದಳು, ಆದರೆ ಕಬ್ಬಿಣ ತೊಟ್ಟಿಲು ಬಿಟ್ಟು ಏಳಬಾರದೆಂಬ ಒಂದು ಮಾತಿನ ಮೇಲೆ. ಹಾಗಾಗಿ ಮೂವರು ಹೆಂಗಸರು ತೊಟ್ಟಿಲ ಸುತ್ತ ನೆರೆದೆವು. ಕೂಸನ್ನು ನಾನು ಎತ್ತಲಿಲ್ಲ, ಅದು ನಿದ್ದೆಯಲ್ಲಿತ್ತು. ಬೀಗತಿ ಕಬ್ಬಿಣವನ್ನು ಹಾಸಿಗೆಗೆ ಒತ್ತಿ ಹಿಡಿದಳು. ಸೊಸೆ ಉಗುರು ಕತ್ತರಿಯ ಚೂಪು ತುದಿಯನ್ನು ಪ್ಲಾಸ್ಟಿಕಿನ ಸೀಳಿಗೆ ತೂರಿಸಿ ಮೆಲ್ಲಗೆ ಮೀಟಿದಳು. ಫೋನನ್ನು ಎತ್ತ ಹಿಡಿಯಬೇಕೆಂದು ನನಗೆ ತಿಳಿಯದೆ, ಸೊಲ್ಲಾಪುರದವನಿಗೆ ತೊಟ್ಟಿಲೂ ಕಂಡಿತು, ಪಂಖವೂ ಕಂಡಿತು, ಬೀಗತಿಯ ಮೂಗುತಿಯೂ ಕಂಡಿತು.

"ಮಾವಶಿ, ಮೂಗು ಬ್ಯಾಡ, ಚಾವಿ ತೋರಸ್ರಿ!"

"ಯಾರದು ಗಂಡಸು, ನನ್ನ ಮೂಗಿನ ಸುದ್ದಿ ಆಡ್ಲಾಕತ್ತಾನ?" ಎಂದಳು ಬೀಗತಿ ಕಬ್ಬಿಣ ಬಿಡದೆ.

ಟಕ್ ಎಂದು ಹಿಡಿ ಎರಡು ಹೋಳಾಯಿತು. ಒಳಗಿನಿಂದ ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕರಿಯ ಚೂರು ಸೊಸೆಯ ಅಂಗೈಗೆ ಬಿತ್ತು. ಮೂವರೂ ಬಗ್ಗಿ ನೋಡಿದೆವು. ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಗಾಡಿ ತಲೆ ಬಾಗುತ್ತದೆಯೇ! ನನ್ನ ವಿಭೂತಿಯ ಡಬ್ಬಿ ಖಾಲಿ ಮಾಡಿ, ಅರಳೆ ಹಾಕಿ, ಅದರೊಳಗೆ ಇಟ್ಟು ರವಿಕೆಯಲ್ಲಿ ಸೇರಿಸಿದೆ. ಕಬ್ಬಿಣ ಇದ್ದಲ್ಲೇ ಉಳಿಯಿತು. ಕೂಸು ಕಣ್ಣೂ ತೆರೆಯಲಿಲ್ಲ.

ವಾಪಸು ಬಸ್ಸಿನಲ್ಲಿ ನಾನು ಎದೆಯ ಮೇಲಿನ ಕೈ ತೆಗೆಯಲೇ ಇಲ್ಲ. ಪಕ್ಕದ ಹೆಂಗಸು ನೋಡಿ ನೋಡಿ, "ಸೋನಂ ಆಹೇ ಕಾ, ಆಜೀ?" ಎಂದು ಪಿಸುಮಾತಿನಲ್ಲಿ ಕೇಳಿದಳು. ಬಂಗಾರಕ್ಕಿಂತ ದೊಡ್ಡದು, ಮೊಮ್ಮಗಳನ್ನು ತರುವ ಮಂತ್ರ ಇದು ಎಂದು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು, ಆದರೂ ವೈಜಾಪುರದಲ್ಲಿ ಇಳಿದು ನನಗೂ ಒಂದು ಚಹಾ ತಂದುಕೊಟ್ಟಳು. ಅವಳ ಮಕ್ಕಳು ಮರಿ ಚೆನ್ನಾಗಿರಲಿ.

ಸೊಲ್ಲಾಪುರದವ ಮೊದಲನೆಯ ಚಾವಿಯನ್ನು ತಿರುಗಿಸಿ ಹೊಸ ಕಂಪ್ಯೂಟರಿಗೆ ಗುರುತು ಮಾಡಿಸಿದ. ಆಮೇಲೆ ಅದರ ಒಳಗಿನ ಚೂರನ್ನು ತೆಗೆದು ದೂರ ಇಟ್ಟು, ಅದೇ ಕಬ್ಬಿಣದ ಪಕ್ಕಕ್ಕೆ ನಾನು ತಂದ ಚೂರನ್ನು ಟೇಪಿನಿಂದ ಅಂಟಿಸಿ ಮತ್ತೆ ತಿರುಗಿಸಿದ. ಮಿಣುಕುತ್ತಿದ್ದ ಕೆಂಪು ದೀಪ ಆರಿತು. ಗಾಡಿ ಎದ್ದಿತು. ಆ ಸಪ್ಪಳ ಕೇಳಿ ನನಗೆ ಕೈ ಮುಗಿಯುವುದನ್ನು ಬಿಟ್ಟು ಬೇರೇನೂ ತೋಚಲಿಲ್ಲ. ಅವನು ಮತ್ತೆ ಹೆಂಡತಿಯ ಹೇರ್ ಡ್ರೈಯರ್ ತಂದು ಹೊಸ ಪೆಟ್ಟಿಗೆಗೆ ಹಿಡಿದೇ ಹಿಡಿದ. ಎಂಜಿನ್ ಜಗ್ಗಲಿಲ್ಲ.

ಆದರೂ ಮಗನಿಗೆ ನಂಬಿಕೆ ಬರಲಿಲ್ಲ, ಬರಬಾರದು ಕೂಡ. ಕೂಸನ್ನು ಕೂರಿಸುವ ಮೊದಲು ನಡು ಮಧ್ಯಾಹ್ನದ ಬಿಸಿಲು ನೋಡಿ ನೋಡಿ ಗಾಡಿ ಹೊರಗೆ ತೆಗೆದ. ಮುಂದಿನ ಸೀಟಿನಲ್ಲಿ ನಮ್ಮವರು, ಹಿಂದೆ ಕೂಸಿನ ಜಾಗದಲ್ಲಿ ನಾನು. ದೇವಳಾಲಿ ಕ್ಯಾಂಪಿಗೆ ಹೋಗಿ ಬಂದೆವು, ಪಂಚವಟಿಯ ರಿಕ್ಷಾಗಳ ಗದ್ದಲದಲ್ಲಿ ಇರುವೆಯಂತೆ ಹರಿದೆವು, ನದಿಯ ಘಾಟಿನ ಹತ್ತಿರ ಬೇಕೆಂದೇ ಎಂಜಿನ್ ಬಂದ್ ಮಾಡದೆ ಬಿಸಿಲಲ್ಲಿ ನಿಂತೆವು. ನಮ್ಮವರು ಬೆವರು ಒರೆಸಿಕೊಳ್ಳುತ್ತ, "ಗಾಡಿ ಬಿಸಿ ಆಗೂತನಾ ನಾವೇ ಬೇಯ್ದು ಹೋಗ್ತೀವಿ" ಎಂದರು. ಗಾಡಿ ಒಂದು ಸಲವೂ ಕೆಮ್ಮಲಿಲ್ಲ.

ಆಮೇಲೆ ಒಂದು ನಸುಕಿನಲ್ಲಿ ಹೊರಟು ಸಂಭಾಜಿನಗರ ಮುಟ್ಟಿದೆವು. ಹಿಂದಿನ ಸೀಟು ಮಡಚಿ ಮೆತ್ತನೆಯ ಹಾಸಿಗೆ ಹಾಸಿದ್ದೆವು. ಸೊಸೆ ಕೂಸಿನ ಪಕ್ಕ ಮಲಗಿದಳು. ಬೀಗತಿಯೂ ಬಂದಳು, ಬಾರದೆ ಇರುತ್ತಾಳೆಯೇ? ಕಬ್ಬಿಣವನ್ನು ಕೂಸಿನ ಹಾಸಿಗೆಯಡಿಗೆ ತಾನೇ ಸೇರಿಸಿ, ಅದರ ಕಾವಲಿಗೆಂಬಂತೆ ಪಕ್ಕಕ್ಕೆ ಕೂತಳು. ಮಗ ಎತ್ತಿನ ಗಾಡಿ ಹೊಡೆದಂತೆ ಹೊಡೆದ. ಎಲ್ಲೆಲ್ಲಿ ಕೂಸು ತುಟಿ ಚಪ್ಪರಿಸಿತೋ ಅಲ್ಲಲ್ಲಿ ನಿಂತೆವು. ನಿಂತಾಗಲೆಲ್ಲ ಅಪ್ಪ ಮಗ ಇಬ್ಬರೂ ಇಳಿದು ಬೆನ್ನು ತಿರುಗಿಸಿ, ಹೊಲ ನೋಡುವವರಂತೆ ನಿಲ್ಲುತ್ತಿದ್ದರು. ಯೇವಲಾಕ್ಕಿಂತ ಮೊದಲು ಆ ಗಿಡವಿಲ್ಲದ ಜಾಗ ಬಂತು. ನಾನು ಮುಂದಿನ ಸೀಟಿನ ಕಬ್ಬಿಣ ಹಿಡಿದು ಕೂತೆ. ಜಾಗ ಹಿಂದೆ ಹೋಯಿತು. ನಮ್ಮವರು ಇಷ್ಟು ಉದ್ದನೆಯ ಉಸಿರು ಬಿಟ್ಟರು. ನಿಫಾಡದ ದ್ರಾಕ್ಷಿ ತೋಟಗಳು ಬರುವ ಹೊತ್ತಿಗೆ ಸೊಸೆಯೂ ನಿದ್ದೆ ಹೋಗಿದ್ದಳು. ಅಷ್ಟು ನಿಶ್ಚಿಂತೆಯಿಂದ ಅವಳು ಮಲಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಮನೆಯ ಮುಂದೆ ಗಾಡಿ ನಿಂತಾಗ ಓಣಿಯೇ ಹೊರಗೆ ಬಂತು. ನಾನು ಇಳಿದು ಓಡಿ ಹೋಗಿ ಕೂಸಿಗೆ ನಿವಾಳಿಸಲು ರೊಟ್ಟಿ ತುಣುಕು, ನೀರಿನ ತಂಬಿಗೆ ತಂದೆ. ಮಗ ಚಾವಿಗೆ ಕೈ ಹಾಕಿ ಎಂಜಿನ್ ಬಂದ್ ಮಾಡಿದ. ಸಪ್ಪಳ ನಿಂತ ಕೂಡಲೇ ಕೂಸು ಮುಖ ಕಿವಿಚಿ ಅಳಲು ತಯಾರಾಯಿತು. ಗಾಬರಿಯಲ್ಲಿ ಮತ್ತೆ ಚಾಲೂ ಮಾಡಿದ. ಕೂಸು 'ಹ್ಞೂಂ' ಎಂದು ನಿಟ್ಟುಸಿರು ಬಿಟ್ಟು ನಿದ್ದೆಗೆ ಮರಳಿತು.

"ಏನ್ ಮಾಡ್ಲಿ ಈಗ?" ಎಂದ ಮಗ ಪಿಸುಗುಟ್ಟುತ್ತ.

"ಮಲ್ಕೊಂಡದ, ಎಬ್ಬಿಸಬ್ಯಾಡ," ಎಂದೆ ನಾನು.

"ಎಬ್ಬಿಸಬ್ಯಾಡ್ರಿ," ಎಂದಳು ಬೀಗತಿ.

ನಾವು ನಮ್ಮವರ ಕಡೆ ನೋಡಿದೆವು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಕಂಡರೆ ಸಾಕು, ಡಿಸೇಲ್ ಸುಡುತ್ತದೆಂದು ಗಾಡಿ ಬಂದ್ ಮಾಡಿಸುವ ಮನುಷ್ಯ ಅವರು. ಕಿಟಕಿಯಿಂದ ಒಳಗೆ ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು.

"ಸುಡಲಿ ಬಿಡು," ಎಂದರು. "ಟಾಕಿ ತುಂಬ ಅದ."

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕಿಟಕಿಗೆ ಮುಖ ಇಟ್ಟು ನೋಡಿ ಹೋದರು. ಯಾರೋ ನಮಗೆಲ್ಲ ಕಟ್ಟೆಯ ಮೇಲೆ ಚಹಾ ತಂದುಕೊಟ್ಟರು. ಗಾಡಿ ನಮ್ಮ ಬಾಗಿಲಲ್ಲಿ ಒಂದೇ ಸಮನೆ ಗುನುಗುತ್ತ ನಿಂತಿತ್ತು, ನಾನು ತಂಬಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಕೊನೆಗೆ ಕೂಸು ತನ್ನ ಮನಸ್ಸಿಗೆ ಬಂದಾಗ ಕಣ್ಣು ಬಿಟ್ಟಿತು, ಅತ್ತಿತ್ತ ನೋಡಿತು, ಒಂದು ಆಕಳಿಕೆ ತೆಗೆಯಿತು. ಆಮೇಲೆ ಮಗ ಎಂಜಿನ್ ಬಂದ್ ಮಾಡಿದ.